ಹತ್ತಲ್ಲ, ಹದಿಮೂರು

ನಮ್ಮ ಊರಿನ ನಡುಬೀದಿ ಹದಿನಾಲ್ಕು ಹೆಜ್ಜೆ ಅಗಲ. ಮೇಲಿನ ಬದಿಯಲ್ಲಿ ಕಥೋಲಿಕರು, ಕೆಳಗಿನ ಬದಿಯಲ್ಲಿ ಪ್ರೊಟೆಸ್ಟಂಟರಾದ ನಾವು. ಹಗಲು ಯಾರು ಎಷ್ಟು ಸಲ ದಾಟಿದರೂ ಏನೂ ಆಗುವುದಿಲ್ಲ. ಆದರೆ ನಾವು ಆ ಬದಿಗೆ ಹೋಗಿ ಒಂದು ರಾತ್ರಿ ಮಲಗಿ ಎದ್ದರೆ ಮೈ ಹತ್ತು ದಿನ ಮುಂದಕ್ಕೆ ಹೋಗಿರುತ್ತದೆ. ಅವರು ಈ ಬದಿಗೆ ಬಂದು ಮಲಗಿದರೆ ಹತ್ತು ದಿನ ಹಿಂದಕ್ಕೆ. ಉಗುರು, ಗಡ್ಡ, ಬಸಿರು, ಜ್ವರ, ಬಾಳೆಗೊನೆ, ಜೀವವಿರುವ ಎಲ್ಲಕ್ಕೂ ಇದೇ ಲೆಕ್ಕ. ಸತ್ತದ್ದಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಕಾಯಿಗೊನೆಯನ್ನು ಸಂಜೆ ಮೇಲಿನ ಬದಿಯ ಯಾರದಾದರೂ ಜಗಲಿಯಲ್ಲಿಟ್ಟು ಬಂದರೆ ಬೆಳಿಗ್ಗೆ ಹಣ್ಣು. ದಿನ ತುಂಬುತ್ತ ಬಂದ ನಮ್ಮ ಬಸುರಿಯರು ಸಾಕಾಗಿ ಹೋಗಿ ಚಾಪೆ ಹಿಡಿದು ಮೇಲಿನ ಬದಿಯ ಗೆಳತಿಯ ಮನೆಗೆ ಹೊರಡುತ್ತಾರೆ. ಕ್ಷೌರ ಕೆಟ್ಟರೆ ಮೇಲಿನ ಬದಿಯ ಗಂಡಸರು ನಮ್ಮಲ್ಲಿ ಬಂದು ಮಲಗುತ್ತಾರೆ. ತಿರುಗಿ ಮನೆಗೆ ಹೋದರೆ ಕಳೆದದ್ದು ಕೂಡುತ್ತದೆ, ಕೂಡಿದ್ದು ಕಳೆಯುತ್ತದೆ. ಹೀಗಾಗಿ ಯಾರೂ ಇದರಿಂದ ದೊಡ್ಡ ಲಾಭ ಮಾಡಿಕೊಂಡದ್ದಿಲ್ಲ.

ಇದು ಹೇಗೆ ಶುರುವಾಯಿತೆಂದು ಕೇಳಿದರೆ ಎರಡು ಕಥೆ ಸಿಗುತ್ತವೆ. ನಮ್ಮ ಭಾನುವಾರದ ಶಾಲೆಯಲ್ಲಿ ಹೇಳಿಕೊಡುವುದು ಹೀಗೆ: ಪೋಪನ ಜನ ಪಾಪಕ್ಷಮೆಯ ಚೀಟಿ ಮಾರುತ್ತಿದ್ದರು, ಸತ್ತ ಅಪ್ಪನಿಗೊಂದು, ಸತ್ತ ಅಜ್ಜಿಗೊಂದು. ಅದನ್ನು ತಾಳಲಾರದೆ ಒಬ್ಬ ಜರ್ಮನ್ ಸನ್ಯಾಸಿ ತೊಂಬತ್ತೈದು ತಕರಾರು ಬರೆದು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ, ಬೈಬಲನ್ನು ಮನೆಮಾತಿಗೆ ತಂದ. ಮೇಲಿನ ಬದಿಯ ಮಕ್ಕಳಿಗೆ ಹೇಳಿಕೊಡುವುದು ಹೀಗೆ: ಒಬ್ಬ ಸನ್ಯಾಸಿಗೆ ಸನ್ಯಾಸಿನಿಯನ್ನು ಮದುವೆಯಾಗುವ ಆಸೆಯಾಯಿತು, ಅದಕ್ಕಾಗಿ ಸಾವಿರದೈನೂರು ವರ್ಷದ ಮನೆ ಒಡೆದ. ನಾನು ಹಾಸ್ಟೆಲಿನ ಲೈಬ್ರರಿಯಲ್ಲಿ ಈ ವಿಷಯದ ದಪ್ಪ ಪುಸ್ತಕವೊಂದನ್ನು ಕೊನೆಯ ಪುಟದವರೆಗೂ ಓದಿದ್ದೇನೆ. ಚೀಟಿ ಮಾರಿದ್ದೂ ನಿಜ, ಮದುವೆಯಾದದ್ದೂ ನಿಜ. ನಡುವೆ ರಾಜರು ಸೇರಿಕೊಂಡು ಮೂವತ್ತು ವರ್ಷ ಯುದ್ಧ ಮಾಡಿ ಊರೂರೇ ಸುಟ್ಟರು. ಅದನ್ನು ಮಾತ್ರ ಎರಡೂ ಬದಿಯ ಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ಜಗಳ ಇನ್ನೂ ಬಿಸಿಯಾಗಿದ್ದಾಗಲೇ ಒಬ್ಬ ಪೋಪ್ ಹಳೆಯ ಕ್ಯಾಲೆಂಡರು ಸೂರ್ಯನಿಗಿಂತ ಹಿಂದೆ ಬಿದ್ದಿದೆ ಎಂದು ಹತ್ತು ದಿನ ಕಿತ್ತುಹಾಕಿಸಿದ. ಅವನ ಲೆಕ್ಕ ಸರಿಯಾಗಿತ್ತು. ಹೇಳಿದವನು ಪೋಪ್ ಎಂಬ ಒಂದೇ ಕಾರಣಕ್ಕೆ ನಮ್ಮವರು ಒಪ್ಪಲಿಲ್ಲ. ಬೇರೆ ಕಡೆಯ ಪ್ರೊಟೆಸ್ಟಂಟರು ನೂರಿನ್ನೂರು ವರ್ಷ ಹಟ ಹಿಡಿದು ಆಮೇಲೆ ಬಿಟ್ಟರು. ನಮ್ಮ ಊರಿನವರು ಬಿಡಲಿಲ್ಲ.

ನಮ್ಮ ಬದಿಯ ಕ್ಯಾಲೆಂಡರನ್ನು ನಮ್ಮ ಸಭೆಯ ಪ್ರೆಸ್ಸಿನಲ್ಲೇ ಅಚ್ಚು ಹಾಕುತ್ತಾರೆ. ಒಂದು ಬದಿಯ ಕ್ಯಾಲೆಂಡರನ್ನು ಇನ್ನೊಂದು ಬದಿಯ ಗೋಡೆಗೆ ನೇತುಹಾಕುವುದು ಎಂದರೆ ಹೆಚ್ಚುಕಡಿಮೆ ಮತಾಂತರ. ಅವರ ತಾರೀಖು ಬೇಕಾದರೆ ನಾವು ಬಾಯಿಲೆಕ್ಕದಲ್ಲಿ ಹತ್ತು ಕೂಡುತ್ತೇವೆ, ನಮ್ಮದು ಬೇಕಾದರೆ ಅವರು ಹತ್ತು ಕಳೆಯುತ್ತಾರೆ. ನಮ್ಮಮ್ಮ ಪ್ರಿಸಿಲ್ಲಾ ಇಪ್ಪತ್ತು ವರ್ಷದಿಂದ ಭಾನುವಾರದ ಶಾಲೆಯ ಮಕ್ಕಳಿಗೆ ಈ ಲೆಕ್ಕವನ್ನು ಚಪ್ಪಾಳೆ ತಟ್ಟಿಸಿ ಕಲಿಸುತ್ತಿದ್ದಳು.

ಆದರೂ ಊರಲ್ಲಿ ಒಂದು ದೂರು ತಪ್ಪಿದ್ದಲ್ಲ. ಮೇಲಿನವರು ತಮ್ಮ ತಾರೀಖು ಹೇಳಿ ನಮ್ಮ ಬಡಗಿಯನ್ನು ಕರೆದರೆ ಬಡಗಿ ಮೂರು ದಿನ ತಡವಾಗಿ ಹೋಗುತ್ತಿದ್ದ. ನಾವು ನಮ್ಮ ತಾರೀಖು ಹೇಳಿ ಅವರನ್ನು ಊಟಕ್ಕೆ ಕರೆದರೆ ಮೂರು ದಿನ ಮೊದಲೇ ಬಾಗಿಲಲ್ಲಿ ನಿಲ್ಲುತ್ತಿದ್ದರು, ಅಕ್ಕಿ ಇನ್ನೂ ಅಂಗಡಿಯಲ್ಲಿರುತ್ತಿತ್ತು. "ಪ್ರೊಟೆಸ್ಟಂಟರು ಮೈಗಳ್ಳರು" ಎಂದು ಅವರು, "ಕಥೋಲಿಕರು ಹೊಟ್ಟೆಬಾಕರು" ಎಂದು ನಾವು. ವಾರ ಹೇಳಿದಾಗ ಎಲ್ಲರೂ ಸರಿಯಾಗಿ ಬರುತ್ತಿದ್ದರು. ತಾರೀಖು ಹೇಳಿದಾಗ ಯಾರೂ ಸರಿಯಾಗಿ ಬರುತ್ತಿರಲಿಲ್ಲ. ಇದು ಯಾಕೆಂದು ಮುನ್ನೂರು ವರ್ಷದಲ್ಲಿ ಯಾರೂ ಕೂತು ಯೋಚಿಸಲಿಲ್ಲ. ಎದುರು ಬದಿಯವರು ಸರಿ ಇಲ್ಲ ಎಂಬ ಉತ್ತರ ಎಲ್ಲರ ಹತ್ತಿರವೂ ಸಿದ್ಧವಾಗಿತ್ತು.

ನಾನು ಯೋಚಿಸಿದೆ. ಯೋಚಿಸಿದೆ ಎನ್ನುವುದಕ್ಕಿಂತ ಓದಿದೆ ಎನ್ನಬೇಕು. ಹಾಸ್ಟೆಲಿನ ವಿಶ್ವಕೋಶದಲ್ಲಿ ಕ್ಯಾಲೆಂಡರಿನ ಮೇಲೆ ಎರಡೂವರೆ ಪುಟ ಇದೆ. ಪೋಪನ ಕ್ಯಾಲೆಂಡರು ಕೆಲವು ಶತಮಾನಗಳ ಕೊನೆಯಲ್ಲಿ ಫೆಬ್ರವರಿ ಇಪ್ಪತ್ತೊಂಬತ್ತನ್ನು ಬಿಟ್ಟುಬಿಡುತ್ತದೆ, ಹಳೆಯದು ಬಿಡುವುದಿಲ್ಲ. ಹಾಗೆ ಮೂರು ಸಲ ಆಗಿದೆ. ಅಂದರೆ ಹತ್ತು ಈಗ ಹದಿಮೂರಾಗಿದೆ. ಕ್ರಿಸ್ಮಸ್ ರಜೆಯಲ್ಲಿ ಬಂದು ಇದನ್ನು ನಮ್ಮ ಸಭಾಪಾಲಕರಾದ ಎಬನೇಜರ್ ಅಯ್ಯನವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಹಾಸ್ಟೆಲ್ ಊಟ ಹೇಗುಂಟು ಕೆಜಿಯಾ? ಸರಿ ತಿನ್ಲಿಕ್ಕೆ ಸಿಗ್ತದಾ?" ಎಂದರು.

ಹಾಗಾಗಿ ಮೊಟ್ಟೆ ತೆಗೆದುಕೊಂಡು ದೊಡ್ಡಮ್ಮನ ಮನೆಗೆ ಹೋದೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ದೀನಾ. ಮೂವತ್ತು ವರ್ಷದ ಹಿಂದೆ ಮೇಲಿನ ಬದಿಯ ಲಿಗೋರಿಯನ್ನು ಮದುವೆಯಾಗಿ ಬೀದಿ ದಾಟಿದವಳು. ಲಿಗೋರಿ ದೊಡ್ಡಪ್ಪನದು ಇಗರ್ಜಿಗೆ, ಅಂದರೆ ಮೇಲಿನ ಬದಿಯ ಚರ್ಚಿಗೆ, ಮೇಣದ ಬತ್ತಿ ಮಾಡಿಕೊಡುವ ಕೆಲಸ. ಮದುವೆಯ ಮರುದಿನ ದೊಡ್ಡಮ್ಮ ಹತ್ತು ದಿನ ಕಳೆದುಕೊಂಡು ಎದ್ದಳು, ಅವಳ ಅಪ್ಪ ಅವಳ ಹೆಸರನ್ನು ಮನೆಯ ಬೈಬಲಿನ ಮೊದಲ ಪುಟದಿಂದ ಹೊಡೆದುಹಾಕಿದರು. ಅಷ್ಟರ ನಂತರವೂ ಅಕ್ಕತಂಗಿಯರು ಬೀದಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದರಂತೆ. ಮಾತು ಪೂರ್ತಿ ನಿಂತದ್ದು ನಮ್ಮಜ್ಜಿ ಸತ್ತಾಗ, ಇಪ್ಪತ್ತೆರಡು ವರ್ಷದ ಹಿಂದೆ. ಅಜ್ಜಿಯ ಗುಂಡಿ ಮುಚ್ಚಿದ ಮೇಲೆ ದೊಡ್ಡಮ್ಮ ಮಣ್ಣಿನ ಮೇಲೆ ಒಂದು ಮೇಣದ ಬತ್ತಿ ಹಚ್ಚಿಟ್ಟಳು. ಅಮ್ಮ ಸಭೆಯ ಎಲ್ಲರ ಎದುರು ಅದನ್ನು ಚಪ್ಪಲಿಯಲ್ಲಿ ತುಳಿದು ಆರಿಸಿದಳು. "ನಮ್ಮಮ್ಮ ಎಲ್ಲಿಯೂ ಸಿಕ್ಕಿಬಿದ್ದಿಲ್ಲ. ನಿನ್ನ ದೀಪ ಹಿಡಿದು ದಾರಿ ಹುಡುಕುವ ಗತಿ ಅವಳಿಗಿಲ್ಲ" ಎಂದಳಂತೆ. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ನಡುದಾರಿಯಲ್ಲಿ ಕಾಯುತ್ತದೆ, ಅದಕ್ಕಾಗಿ ಪ್ರಾರ್ಥಿಸಬೇಕು ಎಂದು ಅವರು, ಸತ್ತ ಮೇಲೆ ಪ್ರಾರ್ಥನೆ ತಲುಪುವುದಿಲ್ಲ ಎಂದು ನಾವು. ನಾನೂರು ವರ್ಷದ ಜಗಳವೆಲ್ಲ ಒಂದು ಬತ್ತಿಯ ಮೇಲೆ ಬಂದು ನಿಂತಿತ್ತು ಎಂದೇ ನಾನು ತಿಳಿದಿದ್ದೆ.

ಹನ್ನೆರಡು ವರ್ಷದವಳಿದ್ದಾಗಿನಿಂದ ನಾನು ದೊಡ್ಡಮ್ಮನ ಮನೆಗೆ ಹೋಗಿ ಬರುತ್ತಿದ್ದೆ. ಅಮ್ಮನಿಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು.

ಮೊಟ್ಟೆಯ ವಿಷಯ ಹೀಗೆ. ಕೋಳಿಮರಿ ಹೊರಬರಲು ಇಪ್ಪತ್ತೊಂದು ದಿನ ಕಾವು ಬೇಕು. ನಮ್ಮಲ್ಲಿ ಹನ್ನೊಂದು ದಿನ ಕಾವು ಕೊಟ್ಟು ಒಂದು ರಾತ್ರಿ ಮೇಲಿನ ಬದಿಯಲ್ಲಿ ಇಡುವುದು ರೂಢಿ. ಬೆಳಿಗ್ಗೆ ಹೋಗಿ ನೋಡಿದರೆ ಮರಿಗಳು ಬುಟ್ಟಿಯೆಲ್ಲ ಹೊಲಸು ಮಾಡಿ ಓಡಾಡುತ್ತಿರುತ್ತವೆ. ಅದಕ್ಕೆ 'ಪೋಪನ ಕೋಳಿ' ಎಂದು ಹೆಸರಿಟ್ಟು ಎಲ್ಲರೂ ನಕ್ಕು ಸುಮ್ಮನಾಗಿದ್ದರು. ನಾನು ಬರೀ ಎಂಟು ದಿನ ಕಾವು ಕೊಟ್ಟ ಮೂರು ಮೊಟ್ಟೆಗಳನ್ನು ದೊಡ್ಡಮ್ಮನ ಅಡುಗೆಮನೆಯ ಮೂಲೆಯಲ್ಲಿ ಇಟ್ಟು ಬಂದೆ. ಬೆಳಿಗ್ಗೆ ಹೋದಾಗ ಮೂರೂ ಒಡೆದು ಒದ್ದೆ ಮರಿಗಳು ಆಗಷ್ಟೇ ತಲೆ ಎತ್ತುತ್ತಿದ್ದವು. ಎಂಟಕ್ಕೆ ಹದಿಮೂರು ಕೂಡಿದರೆ ಇಪ್ಪತ್ತೊಂದು. ದೊಡ್ಡಮ್ಮ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಹಾಗಾದ್ರೆ ಮದುವೆಯ ದಿನ ನನ್ನ ಹದಿಮೂರು ದಿನ ಹೋಯ್ತಾ?" ಎಂದಳು. "ಹತ್ತು ಅಂತ ಹೇಳಿ ಮೋಸ ಮಾಡಿದ್ರು ಮಾರಾಯ್ತಿ."

ಅಕ್ಟೋಬರ್ ರಜೆಗೆ ನಾನು ಊರಿಗೆ ಬಂದಾಗ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಒಂದು ಸೋಮವಾರ ಬೆಳಿಗ್ಗೆ ಡಾಕ್ಟರು ಲಿಗೋರಿ ದೊಡ್ಡಪ್ಪನನ್ನು ಹೊರಗೆ ಕರೆದು, ಇವತ್ತು ಕಳೆದರೆ ಹೆಚ್ಚು ಎಂದರು. ನಾನು ಒಳಗೆ ಹೋದಾಗ ದೊಡ್ಡಮ್ಮ ಕಣ್ಣು ತೆರೆದು ಕೈಸನ್ನೆಯಲ್ಲಿ ಹತ್ತಿರ ಕರೆದಳು.

"ನನ್ನನ್ನು ಆಚೆಗೆ ತಕೊಂಡು ಹೋಗು. ನನ್ನ ಹದಿಮೂರು ದಿನ ಅಲ್ಲಿ ಉಂಟು."

"ಅಮ್ಮ ಮಾತಾಡದಿದ್ರೆ?"

"ಹತ್ತನೇ ದಿನ ಎಲ್ಲರೂ ಬಂದು ಅತ್ತು ಹೋಗ್ಲಿ. ಪಾದ್ರಿ, ನಿಮ್ಮ ಅಯ್ಯನವರು, ಎಲ್ಲರೂ. ಜನ ಇದ್ದರೆ ಪ್ರಿಸಿಲ್ಲಾ ಮನಸ್ಸು ಬಿಚ್ಚುದಿಲ್ಲ, ಪ್ರಸಂಗ ಮಾಡ್ತಾಳೆ. ಅದರ ನಂತರದ ಮೂರು ದಿನ ಯಾರೂ ಬರುದಿಲ್ಲ ನೋಡು. ಆ ಮೂರು ದಿನ ನನಗೆ ಬೇಕು. ಹದಿಮೂರು ಅಂತ ಯಾರ ಹತ್ತಿರವೂ ಹೇಳ್ಬೇಡ."

ತಂಗಿಯ ಜೊತೆ ಮಾತಾಡದೆ ಅವಳಿಗೆ ಸಾಯಲು ಮನಸ್ಸಿರಲಿಲ್ಲ, ಅಷ್ಟೇ. ಅದರಲ್ಲಿ ಮತಧರ್ಮ ಏನೂ ಇರಲಿಲ್ಲ. ನಾನು ಮನೆಗೆ ಬಂದು ಅಮ್ಮನಿಗೆ ನೇರವಾಗಿ ಹೇಳಿದೆ.

"ದೊಡ್ಡಮ್ಮನನ್ನು ಇಲ್ಲಿಗೆ ತರ್ತೇನೆ."

"ಯಾರ ಮನೆಗೆ?"

"ಅವಳು ಹುಟ್ಟಿದ ಮನೆಗೆ."

ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದು ಸೀರೆ ಪೂರ್ತಿ ಮಡಚಿ ಮುಗಿಸಿದಳು. "ನಮ್ಮಮ್ಮನ ಕೋಣೆಯಲ್ಲಿ ಗಾಳಿ ಚೆನ್ನಾಗಿ ಬರ್ತದೆ. ಅಲ್ಲಿ ಹಾಸು" ಎಂದಳು. ಆಮೇಲೆ ಸೇರಿಸಿದಳು: "ನಾನು ಮಾತಾಡುದಿಲ್ಲ. ಅದು ಗೊತ್ತಿರ್ಲಿ."

ಮೇಲಿನ ಬದಿಯ ಪಾದ್ರಿ ಅನಾಸ್ತಾಸರಿಗೆ ಇದು ಹಿಡಿಸಲಿಲ್ಲ. ಅವರು ದೊಡ್ಡಮ್ಮನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ದೀನಾಬಾಯಿ, ಹತ್ತು ದಿನಕ್ಕೋಸ್ಕರ ಆಚೆ ಹೋಗಿ ಸಾಯುದಾ? ಅಲ್ಲಿ ಪ್ರಾಣ ಹೋದ್ರೆ ಸಾವಿನ ಗಂಟೆ ಯಾರು ಹೊಡೀತಾರೆ?" ಎಂದು ಕೇಳಿದರು.

"ನೀವೇ ಹೊಡೀರಿ ಫಾದರ್. ಹದಿನಾಲ್ಕು ಹೆಜ್ಜೆ ಅಷ್ಟೇ, ಕೇಳ್ತದೆ."

ಲಿಗೋರಿ ದೊಡ್ಡಪ್ಪ ತಾನೂ ಬಂದು ಅಲ್ಲೇ ಮಲಗುತ್ತೇನೆ ಎಂದರು. ದೊಡ್ಡಮ್ಮ ಬೇಡ ಎಂದಳು. "ಮೊನ್ನೆ ಕೀಳಿಸಿದ ದವಡೆಹಲ್ಲು ಪುನಃ ಬರ್ತದೆ ನಿಮಗೆ, ನೋವು ಸಮೇತ. ಬೆಳಿಗ್ಗೆ ಬಂದು ಸಂಜೆ ಹೋಗಿ." ಸಂಜೆ ನಾನೂ ದೊಡ್ಡಪ್ಪನೂ ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬೀದಿ ದಾಟಿದೆವು. ಎರಡೂ ಬದಿಯ ಜಗಲಿಗಳಲ್ಲಿ ಜನ ನಿಂತು ನೋಡಿದರು. ಅವಳ ಭಾರ ಒಂದು ತಲೆದಿಂಬಿಗಿಂತ ಸ್ವಲ್ಪ ಹೆಚ್ಚಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖದ ಹಳದಿ ಇಳಿದಿತ್ತು. ನಾನು ಕೊಟ್ಟ ಕಾಫಿ ಕುಡಿದು, "ಬೆಲ್ಲ ಕಡಿಮೆ. ಈ ಮನೆಯ ಕೈ ಇನ್ನೂ ಸುಧಾರಿಸ್ಲಿಲ್ಲ" ಎಂದಳು. ಬಾಗಿಲ ಆಚೆ ನಿಂತಿದ್ದ ಅಮ್ಮನಿಗೆ ಕೇಳಿಸಲಿ ಎಂದೇ ಹೇಳಿದ್ದು.

ಮುಂದಿನ ದಿನಗಳಲ್ಲಿ ಅಮ್ಮ ಅವಳ ಮೈ ಒರೆಸಿದಳು, ತಲೆ ಬಾಚಿದಳು, ಮಲಮೂತ್ರ ಬಾಚಿದಳು, ಗಂಜಿ ಕುಡಿಸಿದಳು. ಒಂದು ಮಾತೂ ಆಡಲಿಲ್ಲ. ಹೇಳುವುದಿದ್ದರೆ ನನ್ನ ಮುಖ ನೋಡಿ ಹೇಳುತ್ತಿದ್ದಳು. "ಕೇಳು ಅವಳಿಗೆ, ಬೆನ್ನಿಗೆ ಇನ್ನೊಂದು ದಿಂಬು ಬೇಕಾ ಅಂತ." ಇಬ್ಬರ ನಡುವೆ ಎರಡು ಅಡಿ ಅಂತರ. "ಹೇಳು ನಿನ್ನಮ್ಮನಿಗೆ, ದಿಂಬು ಬೇಡ, ಹುಣಸೆಹುಳಿಯ ಮೀನುಸಾರು ಬೇಕು ಅಂತ." "ಹೇಳು, ಡಾಕ್ಟರು ಹುಳಿ ಬೇಡ ಅಂದಿದ್ದಾರೆ." "ಹೇಳು, ಡಾಕ್ಟರು ನಾನು ಸೋಮವಾರವೇ ಸಾಯ್ತೇನೆ ಅಂತಲೂ ಹೇಳಿದ್ದರು." ನಾನು ನಡುವೆ ಕುರ್ಚಿ ಹಾಕಿ ಕೂತು, ಏನನ್ನೂ ತಿರುಗಿ ಹೇಳುವ ಅಗತ್ಯವಿಲ್ಲದ್ದರಿಂದ, ಪುಸ್ತಕ ಓದುತ್ತಿದ್ದೆ. ಮಧ್ಯಾಹ್ನ ಮೀನುಸಾರು ಆಗುತ್ತಿತ್ತು.

ಹತ್ತನೆಯ ದಿನ ಗುರುವಾರ ಬಂತು. ಬೆಳಿಗ್ಗೆ ಪಾದ್ರಿ ಅನಾಸ್ತಾಸರು ಬಂದು ಹಣೆಗೂ ಅಂಗೈಗೂ ಕೊನೆಯ ಎಣ್ಣೆ ಹಚ್ಚಿದರು. ಲಿಗೋರಿ ದೊಡ್ಡಪ್ಪ ತಾನೇ ಎರಕ ಹೊಯ್ದ ನಾಲ್ಕು ದೊಡ್ಡ ಬತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು, ಹಚ್ಚಲು ಧೈರ್ಯವಿಲ್ಲದೆ ಮಡಿಲಲ್ಲಿಟ್ಟುಕೊಂಡು ಕೂತರು. ಮಧ್ಯಾಹ್ನ ಎಬನೇಜರ್ ಅಯ್ಯನವರು ಗಾಯನ ಮಂಡಳಿಯ ಜೊತೆ ಬಂದರು. ಮಂಡಳಿಯವರು ಅಂಗಳದಲ್ಲಿ ಆರು ಗೀತೆ ಹಾಡಿದರು. ಒಂದೇ ಕೋಣೆಯಲ್ಲಿ ಪಾದ್ರಿಯೂ ಅಯ್ಯನವರೂ ತಪ್ಪಿ ಒಂದೇ ಗೋಡೆಗೆ ನೇತುಹಾಕಿದ ಎರಡು ಕ್ಯಾಲೆಂಡರುಗಳ ಹಾಗೆ, ಮುಖ ನೋಡಿಕೊಳ್ಳದೆ ನಿಂತಿದ್ದರು. ಎಲ್ಲರೂ ಅಳುತ್ತಿದ್ದರು. ನಾನು ಅಳಲಿಲ್ಲ. ಓದಿದ ಹುಡುಗಿಯರಿಗೆ ಕರುಳಿರುವುದಿಲ್ಲ ಎಂದು ಯಾರೋ ಹಿಂದೆ ಹೇಳಿದ್ದು ಕೇಳಿಸಿತು.

ಅಯ್ಯನವರು ಅಮ್ಮನನ್ನು ಮುಂದಕ್ಕೆ ಕರೆದರು. "ಪ್ರಿಸಿಲ್ಲಾ, ಇಪ್ಪತ್ತೆರಡು ವರ್ಷ ಆಯ್ತು. ಇನ್ನು ಸಮಯ ಇಲ್ಲ. ಒಂದು ಮಾತು ಹೇಳಿ."

ಅಮ್ಮ ಸೆರಗು ಸರಿಪಡಿಸಿಕೊಂಡು, ಚರ್ಚಿನಲ್ಲಿ ಪಾಠ ಓದುವ ದನಿಯಲ್ಲಿ ಹೇಳಿದಳು. "ದೀನಾ, ಕ್ರಿಸ್ತನು ನನ್ನನ್ನು ಕ್ಷಮಿಸಿದಂತೆ ನಾನೂ ನಿನ್ನನ್ನು ಕ್ಷಮಿಸಿದ್ದೇನೆ."

ದೊಡ್ಡಮ್ಮ ಕಣ್ಣು ತೆರೆಯದೆ ಕೇಳಿದಳು. "ಯಾವುದಕ್ಕೆ?"

ಜ್ವರದಲ್ಲಿ ಬಡಬಡಿಸುತ್ತಿದ್ದಾಳೆ ಎಂದುಕೊಂಡು ಜನ ಇನ್ನೂ ಜೋರಾಗಿ ಅತ್ತರು.

ಸಂಜೆಯಾಯಿತು. ದೊಡ್ಡಮ್ಮ ಸಾಯಲಿಲ್ಲ. ಗಾಯನ ಮಂಡಳಿಯ ಬಳಿ ಗೀತೆ ಮುಗಿದಿತ್ತು. ಆರು ಗಂಟೆಗೆ ಅವಳು ನೀರು ಕೇಳಿ ಕುಡಿದಳು. ಎಣ್ಣೆಯ ಮಹಿಮೆ ಎಂದು ಪಾದ್ರಿ, ಪ್ರಾರ್ಥನೆಯ ಬಲ ಎಂದು ಅಯ್ಯನವರು. ಇಬ್ಬರೂ ಸ್ವಲ್ಪ ಮುಜುಗರದಿಂದಲೇ ಹೊರಟರು. ಒಮ್ಮೆ ಬೀಳ್ಕೊಟ್ಟು ಮುಗಿಸಿದವರ ಮನೆಗೆ ಮರುದಿನ ಯಾವ ಮುಖದಿಂದ ಬರುವುದು? ಶುಕ್ರವಾರ ಬೆಳಿಗ್ಗೆ ಲಿಗೋರಿ ದೊಡ್ಡಪ್ಪನ ಹೊರತು ಯಾರೂ ಬರಲಿಲ್ಲ. ದೊಡ್ಡಮ್ಮ ಅವರನ್ನೂ ಮೇಣ ಕಾಯಿಸಲು ಕಳಿಸಿಬಿಟ್ಟಳು.

ನಾನು ತಲೆನೋವೆಂದು ಹೇಳಿ ಹಿತ್ತಲಿನ ಕಟ್ಟೆಯ ಮೇಲೆ, ಆ ಕೋಣೆಯ ಕಿಟಕಿಯ ಕೆಳಗೆ ಕೂತೆ. ಅಮ್ಮನೇ ಗಂಜಿ ಒಯ್ಯಬೇಕಾಯಿತು. ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು. ಮಾತು ದಾಟಿಸಲು ಕೋಣೆಯಲ್ಲಿ ಯಾರೂ ಇರಲಿಲ್ಲ.

"ನೀನು ಇನ್ನೂ ಯಾಕೆ ಹೋಗ್ಲಿಲ್ಲ?" ಅಮ್ಮನ ದನಿ.

"ಗಂಜಿ ಕುಡಿದು ಹೋಗ್ತೇನೆ. ಉಪ್ಪು ಹಾಕಿದ್ದೀಯಾ?"

"ಹಾಕಿದ್ದೇನೆ."

"ನಿನ್ನೆ ಕ್ಷಮಿಸಿದೆ ಅಂದಿಯಲ್ಲ. ಯಾವುದಕ್ಕೆ ಅಂತ ಹೇಳು. ಲಿಗೋರಿಗಾ? ಬತ್ತಿಗಾ?"

"ಬತ್ತಿ ಯಾರಿಗೆ ಬೇಕು!" ಅಮ್ಮನ ದನಿ ಒಮ್ಮೆಲೇ ಏರಿತು. "ಎಂಟು ವರ್ಷ ಅಮ್ಮನ ಹೇಲುಚ್ಚೆ ಬಾಚಿದ್ದು ನಾನು. ಅವಳು ಕೇಳ್ತಿದ್ದದ್ದು ನಿನ್ನನ್ನು. ದೀನಾ ಬಂದಳಾ, ದೀನಾ ಬಂದಳಾ. ಎದುರಿಗೆ ಇದ್ದವಳ ಹೆಸರು ಅವಳ ಬಾಯಲ್ಲಿ ಬರ್ಲೇ ಇಲ್ಲ. ಕೊನೆಗೆ ಅಪ್ಪನಿಗೆ ಗೊತ್ತಾಗದ ಹಾಗೆ ಕಾಗದ ಬರೆದು ಕಳಿಸಿದೆ. ಗೊತ್ತಾಗಿದ್ದರೆ ನನ್ನನ್ನೂ ಹೊರಗೆ ಹಾಕ್ತಿದ್ದರು. ಹದಿನೆಂಟಕ್ಕೆ ಅಪ್ಪ ಸಭೆಯ ಮೀಟಿಂಗಿಗೆ ಹೋಗ್ತಾರೆ, ಆ ದಿನ ಬಾ ಅಂತ. ನಿನಗೆ ಲೆಕ್ಕ ಹಾಕುವ ಕಷ್ಟ ಬೇಡ ಅಂತ ನಾನೇ ಹತ್ತು ಕೂಡಿಸಿ, ನಿಮ್ಮ ಇಪ್ಪತ್ತೆಂಟು ಅಂತ ಬರೆದೆ. ಅಮ್ಮನಿಗೆ ನೀಲಿ ಅಂಚಿನ ಸೀರೆ ಉಡಿಸಿ ಕೂರಿಸಿದೆ. ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ನೋಡಿಕೊಂಡು ಕೂತಳು. ಎರಡು ದಿನ ಕಳೆದು ಸತ್ತಳು. ಆಮೇಲೆ ನೀನು ಬರ್ತೀಯ, ಒಂದು ಬತ್ತಿ ಹಿಡ್ಕೊಂಡು!"

ಹಾಸಿಗೆಯಲ್ಲಿ ದೊಡ್ಡಮ್ಮ ಎದ್ದು ಕೂತ ಸದ್ದು ಕೇಳಿಸಿತು.

"ನಾನು ಬಂದಿದ್ದೆ" ಎಂದಳು ದೊಡ್ಡಮ್ಮ.

"ಸುಳ್ಳು ಹೇಳ್ಬೇಡ. ಸಾಯುವಾಗ ಆದ್ರೂ."

"ಇಪ್ಪತ್ತೆಂಟಕ್ಕೆ ಬಂದೆ. ಮಧ್ಯಾಹ್ನ, ತಲೆಗೆ ಸೆರಗು ಹೊದ್ದು. ಬಾಗಿಲು ತೆಗೆದದ್ದು ಅಪ್ಪ. ಹಿಂದೆ ಸಭೆಯ ಮೂವರು ಹಿರಿಯರು ಕಾಫಿ ಕುಡಿತಾ ಇದ್ದರು. 'ನಿನ್ನ ಕನ್ಯೆ ಮರಿಯಮ್ಮನ ಮನೆಗೆ ಹೋಗು' ಅಂತ ಹೇಳಿ ನನ್ನ ಮುಖದ ಮೇಲೆ ಬಾಗಿಲು ಹಾಕಿದ್ರು. ಹಿರಿಯರು ನಕ್ಕದ್ದು ಹೊರಗೆ ಕೇಳಿತು. ಅವಮಾನ ಮಾಡ್ಲಿಕ್ಕೇ ನೀನು ಕರೆಸಿದ್ದು ಅಂತ ಇಷ್ಟು ವರ್ಷ ನಾನು ತಿಳ್ಕೊಂಡಿದ್ದೆ."

ನಾನು ಕಟ್ಟೆಯ ಮೇಲೆ ಕೂತಲ್ಲೇ ಬೆರಳು ಮಡಚಿದೆ. ಅವರ ಇಪ್ಪತ್ತೆಂಟರಿಂದ ಹದಿಮೂರು ಕಳೆದರೆ ಹದಿನೈದು. ಮೊಟ್ಟೆ ಇಟ್ಟು ಒಂದು ವರ್ಷವಾಗುತ್ತ ಬಂದಿತ್ತು, ವಿಶ್ವಕೋಶದ ಎರಡೂವರೆ ಪುಟ ಬಾಯಿಪಾಠವಾಗಿತ್ತು, ಆದರೂ ಈ ಲೆಕ್ಕವೊಂದು ನನ್ನ ತಲೆಗೆ ಬಂದಿರಲಿಲ್ಲ. ಎದ್ದು ಒಳಗೆ ಹೋದೆ.

"ಇಬ್ಬರೂ ಸುಳ್ಳು ಹೇಳ್ತಾ ಇಲ್ಲ" ಎಂದೆ. "ದೊಡ್ಡಮ್ಮ ಬಂದದ್ದು ನಮ್ಮ ಹದಿನೈದಕ್ಕೆ. ಅಮ್ಮ ಕಾದದ್ದು ಹದಿನೆಂಟಕ್ಕೆ. ನಡುವೆ ಇರುದು ಹತ್ತಲ್ಲ, ಹದಿಮೂರು."

ಅಮ್ಮ ನನ್ನನ್ನು ನೋಡಿದಳು, ಹಾಸಿಗೆಯ ಮೇಲೆ ಬದುಕಿ ಕೂತಿದ್ದ ಅಕ್ಕನನ್ನು ನೋಡಿದಳು. ಹನ್ನೊಂದನೆಯ ದಿನ. ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಕ್ಯಾಲೆಂಡರಿನ ವಿಷಯ, ಮೊಟ್ಟೆಯ ವಿಷಯ ಎಲ್ಲ ಹೇಳಿದೆ. ಅವಳು ಕೈಬೆರಳಲ್ಲಿ ಎರಡು ಸಲ ಎಣಿಸಿದಳು. ಅದೇ ಬೆರಳುಗಳಲ್ಲಿ ಇಪ್ಪತ್ತು ವರ್ಷ ಊರಿನ ಮಕ್ಕಳಿಗೆಲ್ಲ ಹತ್ತು ಎಣಿಸಲು ಕಲಿಸಿದ್ದಳು.

"ವಾರ ಬರೆದಿದ್ದರೆ ಸಾಕಿತ್ತು" ಎಂದಳು. "ಬುಧವಾರ ಬಾ ಅಂತ ಬರೆದಿದ್ದರೆ."

"ಗಂಜಿ ತಣ್ಣಗಾಯ್ತು" ಎಂದಳು ದೊಡ್ಡಮ್ಮ.

ಅಮ್ಮ ಬಟ್ಟಲು ಎತ್ತಿಕೊಂಡು ಬಿಸಿ ಮಾಡಲು ಹೋದಳು. ಒಲೆಯ ಮುಂದೆ ತುಂಬ ಹೊತ್ತು ನಿಂತಳು. ನಾನು ಹಿಂದೆ ಹೋಗಲಿಲ್ಲ.

ಆಮೇಲಿನ ಎರಡು ದಿನ ಅವರಿಬ್ಬರ ಬಾಯಿಗೆ ಬಿಡುವಿರಲಿಲ್ಲ. ಕಣ್ಣೀರು, ಅಪ್ಪುಗೆ ಅಂಥದ್ದೇನೂ ನಾನು ನೋಡಲಿಲ್ಲ. ತಮ್ಮ ಅಪ್ಪನನ್ನು ಬೈದರು. ಆ ಮೂವರು ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಬೈದರು, ಅವರಲ್ಲಿಬ್ಬರು ಸತ್ತಿದ್ದರೂ ಬಿಡಲಿಲ್ಲ. ಅಜ್ಜಿ ಗುಟ್ಟಾಗಿ ನಶ್ಯ ಸೇದುತ್ತಿದ್ದದ್ದು ಇಬ್ಬರಿಗೂ ಗೊತ್ತಿತ್ತೆಂದು ತಿಳಿದು ದೊಡ್ಡಮ್ಮ ಕೆಮ್ಮು ಬರುವಷ್ಟು ನಕ್ಕಳು. ಶನಿವಾರ ಮಧ್ಯಾಹ್ನ ಹಳೆಯ ಜಗಳವೂ ಬಂತು.

"ನಾನು ಸತ್ತ ಮೇಲೆ ನನಗೋಸ್ಕರ ಪ್ರಾರ್ಥನೆ ಮಾಡ್ತೀಯಾ?"

"ಮಾಡುದಿಲ್ಲ. ಸತ್ತವರಿಗೆ ಪ್ರಾರ್ಥನೆ ಅಂತ ಬೈಬಲಿನಲ್ಲಿ ಇಲ್ಲ."

"ನಿನ್ನ ಬೈಬಲಿನಲ್ಲಿ ಇಲ್ಲ. ನಮ್ಮದರಲ್ಲಿ ಏಳು ಪುಸ್ತಕ ಜಾಸ್ತಿ ಉಂಟು, ಅದರಲ್ಲಿ ಉಂಟು."

"ಆ ಏಳು ಪುಸ್ತಕ ನಾವು ಒಪ್ಪುದಿಲ್ಲ. ನೀನು ಬದುಕಿರುವಾಗ ಬೇಕಾದ್ರೆ ಮಾಡ್ತೇನೆ."

"ಹಾಗಾದ್ರೆ ಈಗಲೇ ಮಾಡಿಬಿಡು. ಆಮೇಲಿಂದೂ ಸೇರಿಸಿ."

ಅಮ್ಮ ಮೊಣಕಾಲೂರಿ ಮಾಡಿದಳು. ಮುಕ್ಕಾಲು ಗಂಟೆ. ದೊಡ್ಡಮ್ಮ ನಡುವೆ ಒಮ್ಮೆ ನನಗೆ ಕಣ್ಣು ಹೊಡೆದಳು. ಕೈಯಲ್ಲಿ ಜಪಸರ ತಿರುಗುತ್ತಿತ್ತು. ಅಮ್ಮನಿಗೆ ಕಂಡಿತ್ತು, ಪ್ರಾರ್ಥನೆ ನಿಲ್ಲಿಸಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಎರಡೂ ಬದಿಯ ಗಂಟೆಗಳು ಆರಾಧನೆಗೆ ಒಟ್ಟಿಗೇ ಬಾರಿಸುವ ಹೊತ್ತಿನಲ್ಲಿ ದೊಡ್ಡಮ್ಮ ಸತ್ತಳು. ಅಮ್ಮ ಅವಳ ಕಾಲ ಬುಡದಲ್ಲಿ ಕೂತಿದ್ದಳು. ಒಂದು ಗಂಟೆಯೊಳಗೆ ನಮ್ಮ ಬಡಗಿ ಶವಪೆಟ್ಟಿಗೆಯನ್ನು ಗಾಡಿಯ ಮೇಲಿಟ್ಟುಕೊಂಡು ಬಂದ. ಲಿಗೋರಿ ದೊಡ್ಡಪ್ಪ ಗುರುವಾರಕ್ಕೆ ಬೇಕಾದೀತೆಂದು, ವಾರ ಹೇಳದೆ, ಅವನಿಗೆ ತಮ್ಮ ಬದಿಯ ತಾರೀಖು ಮಾತ್ರ ಹೇಳಿದ್ದರು, ಇಪ್ಪತ್ತೆರಡು. ಅವನು ಹತ್ತು ಕಳೆದು, ನಮ್ಮ ಹನ್ನೆರಡಕ್ಕೆ, ಭಾನುವಾರ ತಂದಿದ್ದ. ಊರಿನ ಚರಿತ್ರೆಯಲ್ಲಿ ತಾರೀಖು ಹೇಳಿ ತರಿಸಿದ್ದು ಬೇಕಾದ ದಿನಕ್ಕೆ ಬಂದದ್ದು ಅದೊಂದೇ.

ಮೇಲಿನ ಬದಿಯಲ್ಲಿ ಮಣ್ಣು ಮಾಡಿದರು. ಅಮ್ಮ ಹೋದಳು. ಪಾದ್ರಿಯ ಮಂತ್ರಕ್ಕೆ ಬಾಯಿ ತೆರೆಯದೆ, ಗೋರಿಯ ಪಕ್ಕ ನೆಟ್ಟಗೆ ನಿಂತಳು. ಲಿಗೋರಿ ದೊಡ್ಡಪ್ಪ ಮಣ್ಣಿನ ಮೇಲೆ ಬತ್ತಿ ಹಚ್ಚಿಟ್ಟು ಭಯದಿಂದ ಅವಳ ಕಾಲಿನ ಕಡೆ ನೋಡಿದರು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಅಮ್ಮ ಪಶ್ಚಿಮದ ಬದಿಗೆ ನಿಂತಿದ್ದಳು, ಬತ್ತಿ ಆರಲಿಲ್ಲ. ಬೇಕೆಂದೇ ಅಲ್ಲಿ ನಿಂತಳೋ ಎಂದು ನಾನು ಕೇಳಲಿಲ್ಲ.

ನಮ್ಮ ಊರಲ್ಲಿ ಇನ್ನೊಂದು ಪದ್ಧತಿ ಇದೆ. ನಮ್ಮ ಅಕ್ಟೋಬರ್ ಮೂವತ್ತೊಂದಕ್ಕೆ, ಆ ಸನ್ಯಾಸಿಯ ನೆನಪಿಗೆ, ನಮ್ಮ ಸಭೆಯವರು ಮೆರವಣಿಗೆಯಲ್ಲಿ ಹೋಗಿ ಇಗರ್ಜಿಯ ಬಾಗಿಲಿಗೆ ತಕರಾರಿನ ಕಾಗದವೊಂದನ್ನು ಮೊಳೆ ಹೊಡೆದು ಬರುತ್ತಾರೆ. ಅದು ತೇಗದ ಒಳ್ಳೆಯ ಬಾಗಿಲು. ಹಾಳಾಗಬಾರದೆಂದು ಪಾದ್ರಿಗಳು ಹಿಂದಿನ ದಿನವೇ ಅದರ ಮೇಲೊಂದು ಹಲಗೆ ಕಟ್ಟಿಸಿಡುತ್ತಾರೆ. ಹಿಂದೆ ತಕರಾರು ಪೋಪನ ಅಧಿಕಾರದ ಬಗ್ಗೆ ಇರುತ್ತಿತ್ತು, ಈಚೆಗೆ ಅವರ ಧ್ವನಿವರ್ಧಕದ ಬಗ್ಗೆ, ಚರಂಡಿಯ ಬಗ್ಗೆ. ಅಕ್ಷರ ದುಂಡಗಿದೆ ಎಂದು ಕಾಗದ ಬರೆಯುವ ಕೆಲಸ ಯಾವಾಗಲೂ ಅಮ್ಮನದು.

ಆ ವರ್ಷ ಅಮ್ಮ ಬರೆದದ್ದು ಅಯ್ಯನವರು ಹೇಳಿಕೊಟ್ಟದ್ದಲ್ಲ. ಎರಡು ಪ್ರತಿ ಮಾಡಿದ್ದಳು. ಮೆರವಣಿಗೆಯ ಮುಂದೆ ಹೋಗಿ, ಸುತ್ತಿಗೆ ತಾನೇ ತೆಗೆದುಕೊಂಡು, ಒಂದನ್ನು ಇಗರ್ಜಿಯ ಹಲಗೆಗೆ ಹೊಡೆದಳು. ಜನ ಏನೆಂದು ಓದುವಷ್ಟರಲ್ಲಿ ಬೀದಿ ದಾಟಿ ವಾಪಸ್ ಬಂದು ಇನ್ನೊಂದನ್ನು ನಮ್ಮ ಚರ್ಚಿನ ಬಾಗಿಲಿಗೆ ಹೊಡೆದಳು. ನಮ್ಮ ಬಾಗಿಲಿಗೆ ಹಲಗೆ ಕಟ್ಟಿರಲಿಲ್ಲ. ಯಾರೂ ಅಂಥದ್ದನ್ನು ನಿರೀಕ್ಷಿಸಿರಲಿಲ್ಲ. ಮೊಳೆ ಬೆರಳುದ್ದ ಒಳಗೆ ಹೋಯಿತು. ಕಾಗದದಲ್ಲಿ ಹತ್ತಲ್ಲ ಹದಿಮೂರು ಎಂಬುದು, ಅದರ ಲೆಕ್ಕ, ಮೊಟ್ಟೆಯ ವಿವರ, ಕೊನೆಗೆ ತಾನು ಇಪ್ಪತ್ತು ವರ್ಷ ಮಕ್ಕಳಿಗೆ ತಪ್ಪು ಕಲಿಸಿದ್ದೇನೆ ಎಂಬ ಒಂದು ಸಾಲು ಇತ್ತು.

ಮೂರನೆಯ ದಿನ ಪಾದ್ರಿ ಅನಾಸ್ತಾಸರೂ ಎಬನೇಜರ್ ಅಯ್ಯನವರೂ ನಡುಬೀದಿಯಲ್ಲಿ ಎರಡು ಕುರ್ಚಿ ಹಾಕಿಸಿಕೊಂಡು ಕೂತು ಮಾತಾಡಿದರು. ಅಂಥದ್ದು ಹಿಂದೆ ನಡೆದ ನೆನಪು ಯಾರಿಗೂ ಇರಲಿಲ್ಲ. ಚಹಾ ಕುಡಿದು ಎದ್ದು ಇಬ್ಬರೂ ಸೇರಿ ಪ್ರಕಟಿಸಿದರು: ಪ್ರಿಸಿಲ್ಲಾ ಬರೆದದ್ದು ತಪ್ಪು, ಹತ್ತೇ ಸರಿ. ನಾನೂರು ವರ್ಷದಲ್ಲಿ ಎರಡು ಸಭೆಗಳೂ ಒಪ್ಪಿದ ಮೊದಲ ವಿಷಯ ಅದು. ಅಮ್ಮನಿಂದ ಭಾನುವಾರದ ಶಾಲೆಯನ್ನು ಕಿತ್ತುಕೊಂಡರು. "ಒಳ್ಳೇದಾಯ್ತು" ಎಂದಳು ಅವಳು. "ನನಗೂ ಆ ಚಪ್ಪಾಳೆ ಸಾಕಾಗಿತ್ತು."

ಊರು ಈಗಲೂ ಹತ್ತನ್ನೇ ಎಣಿಸುತ್ತದೆ. ಬಡಗಿ ಈಗಲೂ ತಡ. ಆದರೆ ಆ ಚಳಿಗಾಲದಲ್ಲಿ ಅಮ್ಮ ಲಿಗೋರಿ ದೊಡ್ಡಪ್ಪನನ್ನು ನಮ್ಮ ಡಿಸೆಂಬರ್ ಇಪ್ಪತ್ತೈದರ ಕ್ರಿಸ್ಮಸ್ ಊಟಕ್ಕೆ ಕರೆದಳು. ವಾರ ಹೇಳಲಿಲ್ಲ, ಬೇಕೆಂದೇ. ಇಪ್ಪತ್ತೆರಡಕ್ಕೆ ನಾನು ಎರಡು ಮೂರು ಸಲ ಬೀದಿ ನೋಡಿದೆ. ಯಾರೂ ಬರಲಿಲ್ಲ. ಅಮ್ಮ ಕಜ್ಜಾಯ ಕರಿಯುತ್ತಿದ್ದಳು, ತಲೆ ಎತ್ತಲಿಲ್ಲ.

ಇಪ್ಪತ್ತೈದರ ಮಧ್ಯಾಹ್ನ, ಅನ್ನ ಬಸಿಯುವ ಹೊತ್ತಿಗೆ ಸರಿಯಾಗಿ, ದೊಡ್ಡಪ್ಪ ಅಂಗಳದಲ್ಲಿ ನಿಂತಿದ್ದರು. ಅಂದು ಅವರ ಕ್ಯಾಲೆಂಡರಿನಲ್ಲಿ ಜನವರಿ ಏಳು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಬತ್ತಿ. ಮೆಟ್ಟಿಲ ಹತ್ತಿರ ತಡವರಿಸಿದರು.

"ಇದನ್ನು ಹೊರಗೆ ಇಡ್ಲಾ ಪ್ರಿಸಿಲ್ಲಾ?"

ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಮೊದಲು ಗೋಡೆಯ ಕ್ಯಾಲೆಂಡರನ್ನು ನೋಡಿದಳು, ಆಮೇಲೆ ಅವರನ್ನು.

"ಒಳಗೇ ತನ್ನಿ" ಎಂದಳು. "ಹಚ್ಚುದಿಲ್ಲ. ಊಟಕ್ಕೆ ಕೂತ್ಕೊಳ್ಳಿ."